ಮೂರು ಡಿಗ್ರಿ ಕಮ್ಮಿ ಆದ್ರೆ ಗಾಬರಿ ಬೇಕಾ?

ಪ್ರಶ್ನೆ: ಮಂಡಿ ಆಪರೇಷನ್ ಆಗಿದೆ. ಫಿಸಿಯೋಥೆರಪಿಯವ್ರು ತೊಡೆಗೊಂದು, ಮಂಡಿ ಕೆಳಗೊಂದು ಸೆನ್ಸರ್ ಕಟ್ಟಿ ಕಾಲು ಮಡಚಿಸ್ತಾರೆ. ಹೋದ ವಾರ 95 ಡಿಗ್ರಿ ಬಂತು, ಈ ವಾರ 92. ಹಿಂದಕ್ಕೆ ಹೋಗ್ತಿದೀನಾ?

ಉತ್ತರ: ಬರೀ ಮೂರು ಡಿಗ್ರಿಗೆ ತಲೆ ಕೆಡಿಸ್ಕೋಬೇಡಿ. ಆ ಸೆನ್ಸರ್ ಕೋನವನ್ನ ನೇರವಾಗಿ ಅಳೆಯೋದೇ ಇಲ್ಲ, ಒಳಗಿರೋ ಗೈರೋಸ್ಕೋಪ್ ಕಾಲು ಎಷ್ಟು ವೇಗವಾಗಿ ತಿರುಗ್ತಿದೆ ಅಂತ ನೋಡತ್ತೆ, ಅದನ್ನ ಕೂಡ್ತಾ ಕೂಡ್ತಾ ಹೋಗಿ ಕೋನ ಲೆಕ್ಕ ಹಾಕೋದು, ಹಂಗಾಗಿ ಚಿಕ್ಕ ತಪ್ಪೂ ಕೂಡ್ತಾ ಬೆಳೆಯತ್ತೆ. ಇದಕ್ಕೆ ಡ್ರಿಫ್ಟ್ ಅಂತಾರೆ. ಗುರುತ್ವದ ದಿಕ್ಕು ಗೊತ್ತಿರೋ ಆಕ್ಸೆಲೆರೋಮೀಟರ್ ಇದನ್ನ ಸುಮಾರಾಗಿ ಸರಿಮಾಡತ್ತೆ. ದಿಕ್ಸೂಚಿ ತರ ಕೆಲಸ ಮಾಡೋ ಮ್ಯಾಗ್ನೆಟೋಮೀಟರ್ ಇದ್ರೆ ಪಕ್ಕದ ಕಬ್ಬಿಣದ ಮಂಚ ಸಾಕು, ದಿಕ್ಕು ತಪ್ಪತ್ತೆ!

ನನ್ನ ಕೇಳಿದ್ರೆ ದೊಡ್ಡ ಕಳ್ಳ ಸೆನ್ಸರ್ ಕಟ್ಟೋ ಬೆಲ್ಟು. ಒಂದು ಬೆರಳು ಆಚೀಚೆ ಕಟ್ಟಿದ್ರೂ, ತೊಡೆ ಮಾಂಸ ಅಲುಗಿದ್ರೂ ನಂಬರ್ ಬದಲಾಗತ್ತೆ, ಯಾಕಂದ್ರೆ ಸೆನ್ಸರ್ ಕೂತಿರೋದು ಚರ್ಮದ ಮೇಲೆ, ಮೂಳೆ ಮೇಲಲ್ಲ. ಮಡಚೋದು ಚಾಚೋದರಲ್ಲಿ ಪರವಾಗಿಲ್ಲ, ಕ್ಯಾಮೆರಾ ಇಟ್ಟು ಚಲನೆ ಅಳೆಯೋ ಲ್ಯಾಬಿನ ಅಳತೆಗೆ ಹತ್ತಿರ ಬರತ್ತೆ, ಆದ್ರೆ ಕಾಲು ಒಳಗೆ ಹೊರಗೆ ತಿರುಗೋ ಲೆಕ್ಕನ ಅಷ್ಟು ನಂಬೋಕಾಗಲ್ಲ. ಮುಂದಿನ ಸಲ ಅದೇ ಜಾಗದಲ್ಲಿ ಕಟ್ಟಿ, ಶುರುನಲ್ಲಿ ನೆಟ್ಟಗೆ ನಿಲ್ಲಿಸಿ ಕ್ಯಾಲಿಬ್ರೇಟ್ ಮಾಡಿ, ಅಂದ್ರೆ ಅಳತೆಯ ಶುರು ಹೊಂದಿಸಿ ಅನ್ನಿ. ವಾರವಾರಾನೂ ಇಳೀತಾನೇ ಇದ್ರೆ, ಇಲ್ಲಾ ನೋವು ಊತ ಇದ್ರೆ ಡಾಕ್ಟರಿಗೆ ತೋರ್ಸಿ.