ಬ್ರಿಟನ್ನಿನಲ್ಲಿ ಸೇವಾ ಸಂಸ್ಥೆಗಳಿಗಾಗಿ ಉದ್ದ ಕೂದಲು ಕತ್ತರಿಸಿ ದೇಣಿಗೆ ಎತ್ತುತ್ತಾರಲ್ಲ, ಆ ದುಡ್ಡು ಎಲ್ಲಿಂದ ಬರುತ್ತದೆ?

ಕೂದಲು ಮಾರಿ ಬರುವ ದುಡ್ಡಲ್ಲ ಅದು. ತಿರುಪತಿಯಲ್ಲಾದರೆ ಮುಡಿ ಕೊಟ್ಟ ಕೂದಲನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ. ಬ್ರಿಟನ್ನಿನಲ್ಲಿ ಲೆಕ್ಕ ಬೇರೆ. "ಜಡೆ ಕತ್ತರಿಸ್ತೀನಿ, ಎಷ್ಟು ಕೊಡ್ತೀರಿ?" ಎಂದು ನೆಂಟರನ್ನು, ಜೊತೆ ಕೆಲಸ ಮಾಡುವವರನ್ನು ಕೇಳುತ್ತಾರೆ. ಕೊಟ್ಟವರು ಅಲ್ಲಿ ತೆರಿಗೆ ಕಟ್ಟುವವರಾದರೆ, ಗಿಫ್ಟ್ ಏಡ್ ಎಂಬ ಯೋಜನೆಯಡಿ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ.

ಜಡೆಯೂ ಸುಮ್ನೆ ಕಸಕ್ಕೆ ಹೋಗುವುದಿಲ್ಲ. 2006ರಲ್ಲಿ ಶುರುವಾದ ಲಿಟಲ್ ಪ್ರಿನ್ಸೆಸ್ ಟ್ರಸ್ಟ್ ಎಂಬ ಅಲ್ಲಿನ ಸೇವಾ ಸಂಸ್ಥೆ, ಕ್ಯಾನ್ಸರ್ ಮುಂತಾದ ಕಾಯಿಲೆಯಿಂದ ಕೂದಲು ಕಳೆದುಕೊಂಡ ಮಕ್ಕಳಿಗೆ ಅದರಿಂದ ಪುಕ್ಕಟೆ ವಿಗ್ ಮಾಡಿಸಿಕೊಡುತ್ತದೆ. ಕೂದಲನ್ನು ಮಡಚಿ, ತೆಳು ಬಲೆಗೆ ಕೈಯಲ್ಲೇ ಗಂಟು ಹಾಕುತ್ತಾರೆ. ಮಡಚಿದಾಗ ಉದ್ದ ಕಡಿಮೆಯಾಗುತ್ತದೆ, ಅದಕ್ಕೇ ಉದ್ದ ಜಡೆಗೆ ಬೇಡಿಕೆ ಜಾಸ್ತಿ. ಒಂದು ವಿಗ್ಗಿಗೆ ಹಲವರ ಕೂದಲು ಬೇಕು, ನೂರಾರು ಪೌಂಡ್ ಖರ್ಚೂ ಇದೆ. ಹಾಗಾಗಿ ನನ್ನ ಪ್ರಕಾರ ಜಡೆಗಿಂತ ದುಡ್ಡೇ ಮುಖ್ಯ.

ಕತ್ತರಿಸುವ ಮುಂಚೆ ತಲೆ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಜಡೆ ಕವರಿನೊಳಗೆ ಬೂಸ್ಟು ಹಿಡಿಯುತ್ತದೆ. ಮೇಲೊಂದು, ಕೆಳಗೊಂದು ರಬ್ಬರ್ ಬ್ಯಾಂಡ್ ಬಿಗಿದು, ಮೇಲಿನ ಬ್ಯಾಂಡಿಗಿಂತ ಸ್ವಲ್ಪ ಮೇಲಕ್ಕೆ ಕತ್ತರಿ ಹಾಕಿ. ನೆಲಕ್ಕೆ ಉದುರಿದ್ದನ್ನು ಗುಡಿಸಿ ಕಳಿಸಬೇಡಿ. ಬುಡ, ತುದಿ ಅದಲುಬದಲಾದ ಕೂದಲು ಸಿಕ್ಕುಗಟ್ಟುತ್ತದೆ.