ಅಭ್ಯರ್ಥಿಯ ಬೆಂಬಲವೋ ಪಕ್ಷದ ಬೆಂಬಲವೋ: ಮಿಲ್ಟನ್ನಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

2025ರ ಫೆಬ್ರವರಿ 27ರಂದು ನಡೆದ, ಕೆನಡಾದ ಒಂಟಾರಿಯೊ ಪ್ರಾಂತೀಯ ಚುನಾವಣೆಯ ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ನೀವು ಬರೆದ ದೀರ್ಘ ಪತ್ರ ತಲುಪಿದೆ. ಪತ್ರ ಪೂರ್ತಿಯಾಗಿ ಪ್ರಕಟವಾಗದಿರುವುದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳಿಬಿಡುತ್ತೇನೆ. ನೀವೂ ಮಿಲ್ಟನ್ ಪಟ್ಟಣದ ನಿಮ್ಮ ಬಡಾವಣೆಯ ಕೆಲವು ಕನ್ನಡ ಕುಟುಂಬಗಳವರೂ ಪ್ರೊಗ್ರೆಸಿವ್ ಕನ್ಸರ್ವೇಟಿವ್ (ಪಿ.ಸಿ.) ಪಕ್ಷದ ಸ್ಥಳೀಯ ಅಭ್ಯರ್ಥಿಯ ಪರವಾಗಿ ಚಳಿಯಲ್ಲಿ ಮನೆಮನೆ ತಿರುಗಿ ಮತ ಕೇಳಿದಿರಿ. ವಲಸೆ ಬಂದವರು ಕನ್ಸರ್ವೇಟಿವ್‌ಗಳ ಪರ ನಿಲ್ಲುವುದೇ ಎಂದು ಸ್ನೇಹಿತರಿಂದ ಮಾತು ಕೇಳಬೇಕಾಯಿತು. ನಾವು ಬೆಂಬಲಿಸಿದ್ದು ನಮ್ಮೂರಿನ ಮನುಷ್ಯನನ್ನು, ಟೊರಾಂಟೊದಲ್ಲಿ ಕುಳಿತ ನಾಯಕರನ್ನಲ್ಲ ಎಂದು ನೀವು ಅವರಿಗೆ ಉತ್ತರ ಕೊಟ್ಟಿರಿ. ಈ ವ್ಯತ್ಯಾಸವನ್ನು ಗಮನಿಸದೆ ನಮ್ಮ ಲೇಖನ ಇಡೀ ಫಲಿತಾಂಶವನ್ನು ಪಕ್ಷದ ನಾಯಕ ಡಗ್ ಫೋರ್ಡ್ ಅವರ ಖಾತೆಗೆ ಬರೆಯಿತು ಎಂಬುದು ನಿಮ್ಮ ಆಕ್ಷೇಪ. ಮುಂದಿನ ಸಲ ಕನ್ನಡಿಗರೆಲ್ಲ ಒಟ್ಟಾಗಿ ಕನ್ಸರ್ವೇಟಿವ್ ಅಭ್ಯರ್ಥಿಗಳ ಹಿಂದೆ ನಿಲ್ಲಬೇಕು, ಪತ್ರಿಕೆಯೂ ಅದಕ್ಕೆ ದನಿಗೂಡಿಸಬೇಕು ಎಂಬುದು ನಿಮ್ಮ ಸಲಹೆ.

ನಿಮ್ಮ ಸ್ನೇಹಿತರ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಬೇಗ ಉತ್ತರ ಹೇಳಬಹುದು. ಒಂಟಾರಿಯೊದ ಪಿ.ಸಿ. ಪಕ್ಷವೂ ಒಟ್ಟಾವಾದ, ಅಂದರೆ ಫೆಡರಲ್ ಮಟ್ಟದ, ಕನ್ಸರ್ವೇಟಿವ್ ಪಕ್ಷವೂ ಬೇರೆ ಬೇರೆ ಸಂಸ್ಥೆಗಳು; ಅವುಗಳ ನಾಯಕರ ನಡುವೆ ಅಂಥ ಸ್ನೇಹವೇನೂ ಕಂಡುಬಂದಿಲ್ಲ. ಮಿಸಿಸಾಗಾದ ಆರೂ ಪ್ರಾಂತೀಯ ಸ್ಥಾನಗಳು ಫೆಬ್ರವರಿಯಲ್ಲಿ ಫೋರ್ಡ್ ಅವರ ಪಕ್ಷಕ್ಕೆ ಹೋದವು. ಎರಡೇ ತಿಂಗಳ ನಂತರ, ಏಪ್ರಿಲ್ 28ರ ಫೆಡರಲ್ ಚುನಾವಣೆಯಲ್ಲಿ, ಅದೇ ನಗರದ ಆರೂ ಸ್ಥಾನಗಳು ಲಿಬರಲ್ ಪಕ್ಷದ ಪಾಲಾದವು. ಎರಡನ್ನೂ ಬೇರೆಯಾಗಿ ತೂಗಿ ನೋಡುವ ಮತದಾರರು ಅಲ್ಲಿ ಸಾಕಷ್ಟಿದ್ದಾರೆ, ಅವರಲ್ಲಿ ವಲಸೆ ಬಂದವರೂ ಇದ್ದಾರೆ. ಬ್ರಾಂಪ್ಟನ್ನಿನ ಐದೂ ಪ್ರಾಂತೀಯ ಸ್ಥಾನಗಳನ್ನು 2022ರಲ್ಲೂ 2025ರಲ್ಲೂ ಪಿ.ಸಿ. ಪಕ್ಷವೇ ಗೆದ್ದಿತು, 2018ರಲ್ಲಿ ಅಲ್ಲಿನ ಮೂರು ಸ್ಥಾನಗಳು ನ್ಯೂ ಡೆಮಾಕ್ರಟಿಕ್ ಪಕ್ಷದ (ಎನ್‌ಡಿಪಿ) ಪಾಲಾಗಿದ್ದವು. ಆದ್ದರಿಂದ ವಲಸಿಗರು ಯಾವ ಪಕ್ಷಕ್ಕೆ ಸೇರಿದವರು ಎಂಬ ಪ್ರಶ್ನೆಯನ್ನು ಸ್ನೇಹಿತರೂ ಕೈಬಿಡುವುದು ಒಳ್ಳೆಯದು, ನೀವೂ ಕೈಬಿಡುವುದು ಒಳ್ಳೆಯದು. ದೇಶಕ್ಕೆ ವರ್ಷಕ್ಕೆ ಎಷ್ಟು ಜನರನ್ನು ಬರಮಾಡಿಕೊಳ್ಳಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಒಟ್ಟಾವ. ಬಂದವರ ಬದುಕು ಹೇಗೆ ಸಾಗುತ್ತದೆ ಎಂಬುದರ ಬಹುಪಾಲು ತೀರ್ಮಾನವಾಗುವುದು ಟೊರಾಂಟೊದ ಕ್ವೀನ್ಸ್ ಪಾರ್ಕಿನಲ್ಲಿ, ಅಂದರೆ ಪ್ರಾಂತೀಯ ಸದನದಲ್ಲಿ.

ಈ ಎರಡನೆಯದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು. ನೀವು ಬೆಂಬಲಿಸಿದ ಪಕ್ಷದ ಸರ್ಕಾರ 2021ರಲ್ಲಿ ಒಂದು ಕಾನೂನು ತಂದಿತು. ಅದರ ಪ್ರಕಾರ ಆರೋಗ್ಯ ಕ್ಷೇತ್ರದ ಹೊರಗಿನ ಹಲವು ವೃತ್ತಿಗಳಲ್ಲಿ ಪರವಾನಗಿ ಕೊಡುವ ಸಂಸ್ಥೆಗಳು ‘ಕೆನಡಾದಲ್ಲೇ ದುಡಿದ ಅನುಭವ ಬೇಕು’ ಎಂಬ ಷರತ್ತು ಹಾಕುವಂತಿಲ್ಲ. ಎಂಜಿನಿಯರುಗಳಿಗೆ ಪರವಾನಗಿ ನೀಡುವ ಸಂಸ್ಥೆ ಆ ಷರತ್ತನ್ನು 2023ರ ಮೇ ತಿಂಗಳಲ್ಲಿ ತೆಗೆದುಹಾಕಿತು. ದಾವಣಗೆರೆಯಲ್ಲೋ ಸುರತ್ಕಲ್ಲಿನಲ್ಲೋ ಓದಿ, ಹತ್ತು ವರ್ಷ ಸೇತುವೆ ಕಟ್ಟಿಸಿ ಬಂದು, ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಇದರ ಬೆಲೆ ಗೊತ್ತು. ಸ್ನೇಹಿತರಿಗೆ ಕೊಡಲು ನಿಮ್ಮ ಬಳಿ ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಇರಲಿಲ್ಲ.

ಅದೇ ಸರ್ಕಾರ 2019ರಲ್ಲಿ ಕಾಲೇಜು ಶುಲ್ಕವನ್ನು ಶೇಕಡಾ 10ರಷ್ಟು ಇಳಿಸಿ ಅಲ್ಲೇ ತಡೆಹಿಡಿಯಿತು. ಇಲ್ಲಿನ ಮಕ್ಕಳ ತಂದೆತಾಯಿಗೆ ಅದು ಹಿತವಾಗಿತ್ತು, ಆದರೆ ಖರ್ಚು ತೂಗಿಸಲು ಕಾಲೇಜುಗಳು ಭಾರತದಿಂದ ಬಂದ ವಿದ್ಯಾರ್ಥಿಗಳ ದುಬಾರಿ ಶುಲ್ಕದ ಮೇಲೆ ಇನ್ನಷ್ಟು ವಾಲಿದವು. 2024ರಲ್ಲಿ ಫೆಡರಲ್ ಸರ್ಕಾರ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿದಾಗ ಅನೇಕ ಕಾಲೇಜುಗಳು ಕೋರ್ಸುಗಳನ್ನೇ ಮುಚ್ಚಬೇಕಾಯಿತು. 2019ರಲ್ಲೇ ಬಂದ ಬಿಲ್ 124 ಎಂಬ ಕಾನೂನು ಸಾರ್ವಜನಿಕ ವಲಯದ ವೇತನ ಏರಿಕೆಯನ್ನು ಮೂರು ವರ್ಷಗಳ ಮಟ್ಟಿಗೆ ವರ್ಷಕ್ಕೆ ಶೇಕಡಾ 1ಕ್ಕೆ ಕಟ್ಟಿಹಾಕಿತು; ಅದು ಸಂವಿಧಾನಬಾಹಿರವೆಂದು 2022ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು, 2024ರ ಫೆಬ್ರವರಿಯಲ್ಲಿ ಮೇಲ್ಮನವಿಯಲ್ಲೂ ಸರ್ಕಾರ ಸೋತಿತು. ನಮ್ಮವರಲ್ಲಿ ಆಸ್ಪತ್ರೆಯ ನರ್ಸುಗಳಾಗಿ ದುಡಿಯುವವರು ಆ ವರ್ಷಗಳನ್ನು ಮರೆತಿರಲಾರರು. ಗ್ರೀನ್‌ಬೆಲ್ಟ್ ಪ್ರಕರಣವನ್ನು ನಾನು ಹೇಳಬೇಕಾಗಿಯೇ ಇಲ್ಲ: ಮುಟ್ಟುವುದಿಲ್ಲವೆಂದು 2018ರಲ್ಲಿ ಮಾತು ಕೊಟ್ಟಿದ್ದ ಸಂರಕ್ಷಿತ ಭೂಮಿಯಿಂದ 2022ರಲ್ಲಿ ಸುಮಾರು 7,400 ಎಕರೆಯನ್ನು ಹೊರತೆಗೆದರು, ಮಹಾಲೆಕ್ಕ ಪರಿಶೋಧಕರ ವರದಿ ಹೊರಬಿದ್ದ ಮೇಲೆ ವಸತಿ ಸಚಿವರು ರಾಜೀನಾಮೆ ಕೊಟ್ಟರು, 2023ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಫೋರ್ಡ್ ಅವರು ಕ್ಷಮೆ ಕೇಳಿ ಆ ತೀರ್ಮಾನವನ್ನು ಹಿಂತೆಗೆದುಕೊಂಡರು.

ಈ ಯಾವ ತೀರ್ಮಾನವೂ ನಿಮ್ಮ ಅಭ್ಯರ್ಥಿಯದಲ್ಲ ಎಂದು ನೀವು ಹೇಳಬಹುದು. ನಿಮ್ಮ ಆಕ್ಷೇಪದ ತಿರುಳು ಇರುವುದೂ ಅಲ್ಲೇ, ನಾನು ನಿಮ್ಮಿಂದ ಬೇರೆಯಾಗುವುದೂ ಅಲ್ಲೇ.

ನಿಮ್ಮ ಮಿಲ್ಟನ್ನಿನ ಇತ್ತೀಚಿನ ಚರಿತ್ರೆಯನ್ನೇ ನೋಡಿ. 2018ರಲ್ಲೂ 2022ರಲ್ಲೂ ಅಲ್ಲಿ ಗೆದ್ದು ಸಚಿವರೂ ಆಗಿದ್ದ ಪಾರ್ಮ್ ಗಿಲ್ ಅವರು ಫೆಡರಲ್ ಚುನಾವಣೆಗೆ ನಿಲ್ಲುವುದಕ್ಕಾಗಿ 2024ರ ಜನವರಿಯಲ್ಲಿ ಸ್ಥಾನ ಬಿಟ್ಟರು. ಮೇ 2ರ ಉಪಚುನಾವಣೆಯಲ್ಲಿ ಪಟ್ಟಣದ ಕೌನ್ಸಿಲರ್ ಆಗಿದ್ದ ಝೀ ಹಮೀದ್ ಅವರು ಅದೇ ಪಕ್ಷದಿಂದ ಗೆದ್ದರು, 2025ರಲ್ಲಿ ಮತ್ತೆ ಗೆದ್ದರು. ಇಬ್ಬರನ್ನೂ ಊರು ಬಲ್ಲದು, ಇಬ್ಬರಿಗೂ ತಮ್ಮದೇ ಗೆಳೆಯರ ಬಳಗವಿದೆ, ಒಪ್ಪಿದೆ. ಆದರೂ ಮನುಷ್ಯ ಬದಲಾದಾಗ ಸ್ಥಾನ ಕೈತಪ್ಪಲಿಲ್ಲ. ಪಕ್ಕದ ಮಿಸಿಸಾಗಾದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಸುಮಾರು ಹತ್ತು ವರ್ಷ ಆ ನಗರದ ಮೇಯರ್ ಆಗಿದ್ದ, ಮನೆಮಾತಾಗಿದ್ದ ಬಾನಿ ಕ್ರಾಂಬಿ ಅವರು ಲಿಬರಲ್ ನಾಯಕಿಯಾಗಿ ತಮ್ಮದೇ ನಗರದ ಕ್ಷೇತ್ರವೊಂದರಲ್ಲಿ ಸೋತರು. ಸ್ಥಳೀಯ ಹೆಸರಿನ ಬಲವೇ ನಿರ್ಣಾಯಕವಾಗಿದ್ದರೆ ಹಾಗಾಗುತ್ತಿರಲಿಲ್ಲ. ಸುಮಾರು ಶೇಕಡಾ 43ರಷ್ಟು ಮತ, 124ರಲ್ಲಿ 80 ಸ್ಥಾನ ಎಂಬ ಫಲಿತಾಂಶವನ್ನು, ಟ್ರಂಪ್ ಅವರ ಸುಂಕದ ಬೆದರಿಕೆಯನ್ನು ಮುಂದಿಟ್ಟುಕೊಂಡು ಒಂದು ವರ್ಷಕ್ಕೂ ಮುಂಚೆಯೇ ಚುನಾವಣೆಗೆ ಹೋದ ನಾಯಕರ ಖಾತೆಗೆ ಬರೆದದ್ದು ಅನ್ಯಾಯವೆಂದು ನನಗೆ ಈಗಲೂ ಅನ್ನಿಸುತ್ತಿಲ್ಲ.

ಗೆದ್ದ ಮೇಲಿನ ಕಥೆ ಇನ್ನೂ ಕಠಿಣ. ಕರ್ನಾಟಕದಲ್ಲಿ 2019ರಲ್ಲಿ 17 ಶಾಸಕರು ಅನರ್ಹಗೊಂಡದ್ದನ್ನು ಕಂಡ ನಮಗೆ ಪಕ್ಷಾಂತರ ನಿಷೇಧ ಕಾನೂನು ಚೆನ್ನಾಗಿಯೇ ಗೊತ್ತು. ಒಂಟಾರಿಯೊದಲ್ಲಿ ಅಂಥ ಕಾನೂನಿಲ್ಲ. ಪಕ್ಷದ ವಿರುದ್ಧ ಮತ ಹಾಕಿದವರ ಸ್ಥಾನ ಹೋಗುವುದಿಲ್ಲ. ಹಾಗೆಂದು ಇಲ್ಲಿನ ಶಾಸಕರು ಹೆಚ್ಚು ಸ್ವತಂತ್ರರು ಎಂದುಕೊಳ್ಳುವಂತಿಲ್ಲ. ಫ್ರೆಂಚ್ ಭಾಷಾ ಸೇವೆಗಳ ಕಡಿತವನ್ನು ವಿರೋಧಿಸಿ 2018ರ ನವೆಂಬರಿನಲ್ಲಿ ಪಿ.ಸಿ. ಶಾಸಕರ ಗುಂಪಿನಿಂದ ಹೊರಬಂದ ಅಮಾಂಡಾ ಸಿಮಾರ್ಡ್ ಅವರ ಕ್ಷೇತ್ರದಲ್ಲಿ ಫ್ರೆಂಚ್ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದರು. ತಮ್ಮ ಊರಿನ ಪರವಾಗಿ ಅದಕ್ಕಿಂತ ನೇರವಾಗಿ ಯಾರೂ ನಿಲ್ಲಲಾರರು. ಮುಂದೆ ಲಿಬರಲ್ ಪಕ್ಷ ಸೇರಿದ ಅವರು 2022ರಲ್ಲಿ ಪಿ.ಸಿ. ಅಭ್ಯರ್ಥಿಯ ಎದುರು ಸೋತರು. ಕೋವಿಡ್ ಕಾಲದ ತುರ್ತು ಅಧಿಕಾರಗಳ ಮಸೂದೆಗೆ 2020ರ ಜುಲೈಯಲ್ಲಿ ವಿರುದ್ಧ ಮತ ಹಾಕಿದ ಕೇಂಬ್ರಿಡ್ಜ್ ಕ್ಷೇತ್ರದ ಬೆಲಿಂಡಾ ಕರಹಾಲಿಯೋಸ್ ಅವರನ್ನು ಪಕ್ಷದ ಗುಂಪಿನಿಂದ ಹೊರಹಾಕಲಾಯಿತು. ಇವರ ನಿಲುವುಗಳು ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ನೀವು ಊರಿನ ಮನುಷ್ಯನೆಂದು ಕಳುಹಿಸಿದವರು ಅಲ್ಲಿ ಊರಿನ ಮಾತನ್ನು ಎಲ್ಲಿಯವರೆಗೆ ಆಡಬಲ್ಲರು ಎಂಬುದಷ್ಟೇ ನಮ್ಮ ಚರ್ಚೆಗೆ ಬೇಕಾದದ್ದು.

ಹಾಗಾದರೆ ಸ್ಥಳೀಯ ಅಭ್ಯರ್ಥಿ ಎಂಬುದಕ್ಕೆ ಅರ್ಥವೇ ಇಲ್ಲವೇ? ಇದೆ, ಆದರೆ ಅದು ಬಹುಪಾಲು ತೀರ್ಮಾನವಾಗುವುದು ನೀವು ಮನೆಮನೆಗೆ ಹೊರಡುವುದಕ್ಕೆ ಎಷ್ಟೋ ಮುಂಚೆ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರು ಬರಬೇಕಾದರೆ ಪಕ್ಷದ ಒಪ್ಪಿಗೆ ಬೇಕು. ನಮ್ಮ ಕಡೆ ಬಿ ಫಾರಂ ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ವ್ಯತ್ಯಾಸವೆಂದರೆ, ಕಾಗದದ ಮೇಲೆ ಹೇಳುವುದಾದರೆ, ಇಲ್ಲಿ ಕ್ಷೇತ್ರದ ಪಕ್ಷ ಸದಸ್ಯರು ಸಭೆ ಸೇರಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ರೈಡಿಂಗ್ ಅಸೋಸಿಯೇಷನ್ ಎಂದು ಕರೆಯುವ ಆ ಕ್ಷೇತ್ರ ಸಮಿತಿಯ ಸದಸ್ಯರು ಕ್ಷೇತ್ರದ ಮತದಾರರಲ್ಲಿ ಒಂದು ಚಿಕ್ಕ ಪಾಲು ಮಾತ್ರ. ಅಲ್ಲಿ ಹತ್ತು ಕನ್ನಡ ಕುಟುಂಬಗಳ ಮಾತಿಗೆ ಇರುವ ತೂಕ ಮತದಾನದ ದಿನ ಇರುವುದಿಲ್ಲ.

ವ್ಯವಹಾರದಲ್ಲಿ ಹೈಕಮಾಂಡ್ ಇಲ್ಲಿಯೂ ಇದೆ. ಮಿಸಿಸಾಗಾ ಸೆಂಟರ್ ಕ್ಷೇತ್ರಕ್ಕೆ ನಾಮನಿರ್ದೇಶನಗೊಂಡಿದ್ದ ತಾನ್ಯಾ ಗ್ರಾನಿಕ್ ಆಲೆನ್ ಅವರನ್ನು, ಅವರ ಹಿಂದಿನ ಹೇಳಿಕೆಗಳು ವಿವಾದವಾದ ಮೇಲೆ, 2018ರ ಮೇ ತಿಂಗಳಲ್ಲಿ, ಚುನಾವಣೆಗೆ ಒಂದು ತಿಂಗಳು ಉಳಿದಿರುವಾಗ, ಫೋರ್ಡ್ ಕೈಬಿಟ್ಟರು. ಅವರ ಜಾಗಕ್ಕೆ ಬಂದ ಅಭ್ಯರ್ಥಿ ಗೆದ್ದರು. ಲಿಬರಲ್ ಪಕ್ಷದಲ್ಲೂ ಇದು ಹೊಸದಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿ, ನೆಪಿಯನ್ ಕ್ಷೇತ್ರದಿಂದ ಸಂಸತ್ತಿಗೆ ಹೋಗಿ, 2022ರಲ್ಲಿ ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿ ನಮ್ಮೆಲ್ಲರನ್ನು ಸಂತೋಷಪಡಿಸಿದ ಚಂದ್ರ ಆರ್ಯ ಅವರ ನಾಮನಿರ್ದೇಶನವನ್ನು ಅವರ ಪಕ್ಷ 2025ರ ಮಾರ್ಚಿನಲ್ಲಿ ರದ್ದುಮಾಡಿತು. ಆ ಕ್ಷೇತ್ರದಲ್ಲಿ ಪಕ್ಷದ ಹೊಸ ನಾಯಕ ಮಾರ್ಕ್ ಕಾರ್ನಿ ನಿಂತು ಗೆದ್ದರು.

ನಿಮ್ಮ ವಾದಕ್ಕೆ ನಿಜವಾಗಿ ಬಲ ಕೊಡುವ ಉದಾಹರಣೆ ಹಾಲ್ಡಿಮಂಡ್–ನಾರ್ಫೋಕ್ ಕ್ಷೇತ್ರದ್ದು. ನೀವು ಅದನ್ನು ಎತ್ತದಿರುವುದರಿಂದ ನಾನೇ ಎತ್ತುತ್ತೇನೆ. ಈರೀ ಸರೋವರದ ಉತ್ತರ ದಂಡೆಯ ಆ ಕೃಷಿ ಸೀಮೆಯನ್ನು 1995ರಿಂದ ಪಿ.ಸಿ. ಪಕ್ಷದ ಟೋಬಿ ಬ್ಯಾರೆಟ್ ಪ್ರತಿನಿಧಿಸಿದ್ದರು. ಅವರು 2022ರಲ್ಲಿ ನಿವೃತ್ತರಾದಾಗ ಪಕ್ಷ ಸ್ಥಳೀಯ ಸದಸ್ಯರ ಆಯ್ಕೆಗೆ ಬಿಡದೆ ಅಲ್ಲಿನ ಮೇಯರ್ ಒಬ್ಬರನ್ನು ನೇರವಾಗಿ ನೇಮಿಸಿತು. ಬ್ಯಾರೆಟ್ ಅವರ ಕಚೇರಿಯಲ್ಲಿ ಬಹುಕಾಲ ಕೆಲಸ ಮಾಡಿದ್ದ ಬಾಬಿ ಆನ್ ಬ್ರೇಡಿ ಪಕ್ಷೇತರರಾಗಿ ನಿಂತರು. ನಿವೃತ್ತ ಶಾಸಕರೇ ಅವರ ಬೆನ್ನಿಗೆ ನಿಂತರು. ಪಕ್ಷ ಇಡೀ ಪ್ರಾಂತ್ಯದಲ್ಲಿ 83 ಸ್ಥಾನ ಗೆದ್ದ ಆ ವರ್ಷ ಈ ಕ್ಷೇತ್ರದಲ್ಲಿ ಬ್ರೇಡಿ ಗೆದ್ದರು, 2025ರಲ್ಲಿ ಇನ್ನೂ ದೊಡ್ಡ ಅಂತರದಿಂದ ಗೆದ್ದರು. ಅಲ್ಲಿನ ಮತದಾರರು ಕನ್ಸರ್ವೇಟಿವ್ ವಿಚಾರಗಳನ್ನು ಬಿಟ್ಟವರಲ್ಲ, ಯಾರು ತಮ್ಮವರೆಂಬುದನ್ನು ತಾವೇ ಹೇಳುತ್ತೇವೆಂದು ಹಟ ಹಿಡಿದವರು. ಊರಿನ ಮನುಷ್ಯನನ್ನು ಬೆಂಬಲಿಸಿದೆವು ಎಂದು ಹೇಳುವ ಪೂರ್ತಿ ಹಕ್ಕು ಅವರಿಗಿದೆ. ಇಂಥದ್ದು ಅಪರೂಪ ಎಂಬುದನ್ನೂ ಹೇಳಬೇಕು: 2025ರಲ್ಲಿ ಇಡೀ ಸದನಕ್ಕೆ ಆರಿಸಿಬಂದ ಪಕ್ಷೇತರರು ಅವರೊಬ್ಬರೇ.

ಆದ್ದರಿಂದ ನೀವು ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಬೆಂಬಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಬೆಂಬಲಿಸುವುದಾದರೆ ಬೇಗ ಶುರುಮಾಡಿ ಎನ್ನುತ್ತಿದ್ದೇನೆ. ಕ್ಷೇತ್ರ ಸಮಿತಿಯ ಸದಸ್ಯತ್ವ ಪಡೆಯಿರಿ, ಅದರ ವಾರ್ಷಿಕ ಸಭೆಗೆ ಹೋಗಿ, ನಾಮನಿರ್ದೇಶನಕ್ಕೆ ಆಸೆಪಟ್ಟು ಬಂದವರನ್ನು ನಿಮ್ಮ ಮನೆಗೆ ಕರೆದು ಪ್ರಶ್ನೆ ಕೇಳಿ. ಮಿಲ್ಟನ್ನಿಗೆ ದಿನವಿಡೀ ಎರಡೂ ದಿಕ್ಕಿನಲ್ಲಿ ಓಡುವ ಗೋ (GO) ಎಂಬ ಪ್ರಯಾಣಿಕ ರೈಲು ಬರಬೇಕೆಂಬುದು ನಿಮ್ಮೂರಿನ ಹಳೆಯ ಬೇಡಿಕೆ. ಹಳಿಗಳು ಸರಕು ಸಾಗಣೆಯ ರೈಲು ಕಂಪನಿಯವು ಎಂಬ ತೊಡಕನ್ನು ಬಿಡಿಸಲು ಅವರು ಯಾರ ಮೇಲೆ, ಹೇಗೆ ಒತ್ತಡ ತರುತ್ತಾರೆ? ಪಕ್ಷದ ತೀರ್ಮಾನ ಊರಿಗೆ ಒಗ್ಗದಿದ್ದಾಗ ಗುಂಪಿನ ಒಳಗಿನ ಸಭೆಯಲ್ಲಾದರೂ ಅದನ್ನು ಹೇಳುತ್ತಾರೆಯೇ? ಹೇಳಿದ್ದು ನಿಮಗೆ ತಿಳಿಯುವುದು ಹೇಗೆ? ಟೊರಾಂಟೊದಿಂದ ಹೆಸರು ಇಳಿದು ಬಂದರೆ ಸಮಿತಿಯ ಸದಸ್ಯರಾಗಿ ಲಿಖಿತ ಆಕ್ಷೇಪ ಸಲ್ಲಿಸಿ. ಪ್ರಚಾರಕ್ಕೆಂದು ತಿರುಗಿದ ನಿಮ್ಮ ಶ್ರಮವನ್ನೂ ನಾನು ಹಗುರ ಮಾಡುವುದಿಲ್ಲ. ಇದೇ ಪಾರ್ಮ್ ಗಿಲ್ ಅವರು 2025ರ ಫೆಡರಲ್ ಚುನಾವಣೆಯಲ್ಲಿ ಮಿಲ್ಟನ್ ಈಸ್ಟ್–ಹಾಲ್ಟನ್ ಹಿಲ್ಸ್ ಸೌತ್ ಕ್ಷೇತ್ರವನ್ನು ಮರು ಎಣಿಕೆಯ ನಂತರ 21 ಮತಗಳಿಂದ ಕಳೆದುಕೊಂಡರು. ಒಂದು ಬೀದಿಯವರು ಮನಸ್ಸು ಮಾಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. 2022ರ ಮತ್ತು 2025ರ ಪ್ರಾಂತೀಯ ಚುನಾವಣೆಗಳಲ್ಲಂತೂ ಅರ್ಹರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮತ ಹಾಕಿದರು.

ಇನ್ನು ಕನ್ನಡಿಗರೆಲ್ಲ ಒಂದೇ ಪಕ್ಷದ ಹಿಂದೆ ನಿಲ್ಲುವ ವಿಚಾರ. ನರ್ಸಾಗಿ ದುಡಿಯುವ ಕನ್ನಡಿತಿಯೂ ಟ್ರಕ್ ಕಂಪನಿ ನಡೆಸುವ ಕನ್ನಡಿಗನೂ ಕ್ವೀನ್ಸ್ ಪಾರ್ಕಿನಿಂದ ಬಯಸುವುದು ಒಂದೇ ಅಲ್ಲ, ಭಾಷೆ ಒಂದೇ ಎಂಬ ಕಾರಣಕ್ಕೆ ಅವರ ಮತ ಒಂದಾಗಬೇಕಾಗಿಲ್ಲ. ಸಂಘಗಳ ವೇದಿಕೆಯನ್ನು ಬಳಸಿಕೊಳ್ಳಬಹುದು ಎಂಬ ನಿಮ್ಮ ಸೂಚನೆಯಲ್ಲಿ ಕಾನೂನಿನ ತೊಡಕೂ ಇದೆ. ಚಾರಿಟಿ ಎಂದು ನೋಂದಾಯಿತವಾದ ಸಂಘ ಯಾವುದೇ ಪಕ್ಷವನ್ನಾಗಲಿ ಅಭ್ಯರ್ಥಿಯನ್ನಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ಬೆಂಬಲಿಸುವಂತಿಲ್ಲ. 2017ರಿಂದ ಒಂಟಾರಿಯೊದಲ್ಲಿ ಪಕ್ಷಗಳಿಗೆ ದೇಣಿಗೆ ಕೊಡುವ ಅವಕಾಶ ವ್ಯಕ್ತಿಗಳಿಗೆ ಮಾತ್ರ ಇದೆ, ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಇಲ್ಲ. ರಾಜ್ಯೋತ್ಸವಕ್ಕೆ ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದು ಒಂದು. ಒಬ್ಬರಿಗೆ ಮಾತ್ರ ಶಾಲು ಹೊದಿಸಿ ಮೈಕು ಕೊಡುವುದು ಇನ್ನೊಂದು.

ಪತ್ರಿಕೆ ಯಾವ ಪಕ್ಷಕ್ಕೂ ಬೆಂಬಲ ಘೋಷಿಸುವುದಿಲ್ಲ. ನಿಮ್ಮ ಪತ್ರದಿಂದ ಒಂದು ಪ್ರಯೋಜನವಂತೂ ಆಗಿದೆ. ಮುಂದಿನ ಪ್ರಾಂತೀಯ ಚುನಾವಣೆಗೆ ಪಕ್ಷಗಳು ಅಭ್ಯರ್ಥಿಗಳನ್ನು ಆರಿಸತೊಡಗಿದಾಗ, ಮಿಲ್ಟನ್, ಮಿಸಿಸಾಗಾ, ಬ್ರಾಂಪ್ಟನ್ ಕ್ಷೇತ್ರಗಳಲ್ಲಿ ಪ್ರತಿ ಪಕ್ಷದ ಅಭ್ಯರ್ಥಿ ಸದಸ್ಯರ ಮತದಿಂದ ಬಂದವರೋ ನಾಯಕರ ನೇಮಕದಿಂದ ಬಂದವರೋ ಎಂಬುದನ್ನು ಹೆಸರಿನ ಜೊತೆಗೇ ಪ್ರಕಟಿಸಬೇಕೆಂದು ತೀರ್ಮಾನಿಸಿದ್ದೇವೆ. ನಿಮ್ಮ ಕ್ಷೇತ್ರದ ನಾಮನಿರ್ದೇಶನ ಸಭೆ ನಡೆದರೆ, ಅಥವಾ ನಡೆಯದೆ ಹೋದರೆ, ದಯವಿಟ್ಟು ನಮಗೆ ಬರೆದು ತಿಳಿಸಿ.

— ಸಂಪಾದಕ