‘ಯಾಕೆ’ ಎಂದು ಬರೆದಿದ್ದಾರಾ?

ಅಂಕೋಲಾದ ಅಕ್ಕನವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಮನೆಯವರು ಹನ್ನೊಂದು ವರ್ಷ ಸೈನ್ಯದಲ್ಲಿದ್ದವರು. ಏಳನೇ ವರ್ಷ ಮೊದಲ ಸಲ ಫಿಟ್ಸ್ ಬಂತು. 2018ರಲ್ಲಿ ಶೇ. 20 ಅಂಗವೈಕಲ್ಯ ಎಂದು ಬರೆದು ಮನೆಗೆ ಕಳಿಸಿದರು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಅಂತ ಅಂಗವೈಕಲ್ಯ ಪಿಂಚಣಿ ಕೊಡಲಿಲ್ಲ. ಮೊದಲ ಅಪೀಲೂ ಬಿದ್ದುಹೋಯಿತು. ‘ಫಿಟ್ಸ್ ಹುಟ್ಟಿನಿಂದಲೇ ಬರೋದು, ಸುಮ್ನೆ ಯಾಕೆ ಓಡಾಡ್ತೀರಿ’ ಅಂತಾರೆ ಊರವರು, ಬಿಟ್ಟುಬಿಡಲಾ ಎಂದು ಕೇಳಿದ್ದೀರಿ.

ಬಿಡಬೇಡಿ.

ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ವಿಭಾಗ ಸೇರಿದವರು. ಅವರಿಗೂ ಫಿಟ್ಸೇ, ಅವರಿಗೂ ಶೇ. 20. 1994ರಲ್ಲಿ ಮನೆಗೆ ಕಳಿಸಿದರು. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದರು, ವಿಭಾಗೀಯ ಪೀಠದಲ್ಲಿ ಸೋತರು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆ ತೀರ್ಪು ಹೇಳಿದ್ದು ಇದು: ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಸುದ್ದಿಯೇ ಇಲ್ಲ ಎಂದರೆ ಆಗ ಆಳು ಗಟ್ಟಿಯಾಗಿದ್ದ ಎಂದೇ ತಿಳಿಯಬೇಕು. ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು, ಸಿಪಾಯಿಯದ್ದಲ್ಲ. ಸೇರುವಾಗ ಪತ್ತೆ ಮಾಡಲು ಆಗದಿದ್ದ ಕಾಯಿಲೆ ಎನ್ನುವುದಾದರೆ, ಯಾಕೆ ಎಂದು ಮೆಡಿಕಲ್ ಬೋರ್ಡ್, ಅಂದರೆ ಸೈನ್ಯದ ವೈದ್ಯರ ಮಂಡಳಿ, ಬರೆಯಬೇಕು.

ನಿಮ್ಮ ಕೇಸು ನಿಂತಿರುವುದು ಈ ‘ಯಾಕೆ’ ಮೇಲೆ. ನೀವು ಕಳಿಸಿದ ಬೋರ್ಡ್ ವರದಿಯ ಝೆರಾಕ್ಸ್ ನೋಡಿದೆ. ಕಾರಣದ ಜಾಗದಲ್ಲಿ ಇರುವುದು ಒಂದೇ ಸಾಲು: ದೇಹಪ್ರಕೃತಿಯಿಂದ ಬಂದದ್ದು. ಕೆಳಗೆ ಸಹಿ, ಮೊಹರು. ಅದನ್ನು ಕಾರಣ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ತಲೆಗೆ ಪೆಟ್ಟು, ಮಿದುಳಿನ ಸೋಂಕು, ಲಾಡಿಹುಳುವಿನ ಗುಳ್ಳೆ, ಇವೆಲ್ಲ ದೊಡ್ಡವರಾದ ಮೇಲೂ ಫಿಟ್ಸ್ ತರುತ್ತವೆ. ಊರವರಿಗೆ ಇದನ್ನೂ ಹೇಳಿ.

ಸೇರುವಾಗಿನ ವೈದ್ಯಕೀಯ ತಪಾಸಣೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಸೈನ್ಯದ ರೆಕಾರ್ಡ್ ಆಫೀಸಿನಿಂದ ತರಿಸಿ. ಎರಡನೇ ಅಪೀಲು ಹಾಕಿ. ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ 3 ವರ್ಷದ್ದು ಮಾತ್ರ ಸಿಗುತ್ತದೆ, ಹಾಗಾಗಿ ಇನ್ನೂ ಕಾಯುವುದು ಬೇಡ.

ಗೋಡೆಯ ಕ್ಯಾಲೆಂಡರಿನಲ್ಲಿ ಫಿಟ್ಸ್ ಬಂದ ದಿನ ಕೆಂಪು ಚುಕ್ಕೆ ಇಡುತ್ತೀರಿ ಅಂದಿರಿ. ತುಂಬಾ ಒಳ್ಳೆಯ ಕೆಲಸ. ಪಕ್ಕದಲ್ಲಿ ಹೊತ್ತು, ಎಷ್ಟು ನಿಮಿಷ, ನಾಲಿಗೆ ಕಚ್ಚಿಕೊಂಡರಾ ಎಂದೂ ಬರೆಯಿರಿ. ಮರುತಪಾಸಣೆಯಲ್ಲಿ ಅದು ನಿಮ್ಮ ಪರ ಮಾತಾಡುತ್ತದೆ. ಫಿಟ್ಸ್ ಬಂದಾಗ ಕೈಗೆ ಬೀಗದಕೈ ಕೊಡುವುದು ಬೇಡ. ಪಕ್ಕಕ್ಕೆ ಮಲಗಿಸಿ, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಬಲೆ ಹಾಕಲು ದೋಣಿಯಲ್ಲಿ ಒಬ್ಬರೇ ಹೋಗುತ್ತಾರೆ ಎಂದು ಬರೆದದ್ದು ಓದಿ ಎದೆ ಝಲ್ಲೆಂದಿತು. ದಯವಿಟ್ಟು ತಡೆಯಿರಿ ಅಕ್ಕಾ.

ಕಾರವಾರಕ್ಕೆ ಬರುವ ದಿನ ಎಲ್ಲ ಕಾಗದ, ಆ ಕ್ಯಾಲೆಂಡರೂ ಸೇರಿಸಿ ತನ್ನಿ. ಅಪೀಲನ್ನು ನಮ್ಮ ಕಚೇರಿಯಲ್ಲೇ ಕೂತು ಬರೆಯೋಣ.

– ಸಂಪಾದಕ